ಲಿನಕ್ಸ್ ಗಣಕಯಂತ್ರದಲ್ಲಿ ತೆರೆಯ ದೃಶ್ಯ ಮತ್ತು ಧ್ವನಿಯ ಮುದ್ರಣ

ಮುಂಬಯಿ, ಪುಣೆ, ದೆಹಲಿ ಮೊದಲಾದ ನಗರಗಳಲ್ಲಿ ನೆಲೆಸಿರುವ ಅನೇಕ ಕನ್ನಡ ಕುಟುಂಬಗಳ ಮಕ್ಕಳಿಗೆ ಶಾಲೆಯಲ್ಲಿ ಕನ್ನಡ ಕಲಿಯುವ ಅವಕಾಶವಿರುವುದಿಲ್ಲ. ಇಂತಹ ಮಕ್ಕಳಿಗೆ ಪಾಠ ಹೇಳುವವರು ಗಣಕಯಂತ್ರದ ತೆರೆಯ ಮೇಲೆ ಅಕ್ಷರಗಳನ್ನು ತೋರಿಸಿ, ಉಚ್ಚಾರಣೆಯನ್ನು ಕೇಳಿಸಿ, ಆ ಪಾಠವನ್ನು ಮುದ್ರಿಸಿ ದೂರದವರಿಗೂ ಕಳುಹಿಸಬಹುದು. ಆದರೆ ಒಂದು ಗಂಟೆ ಶ್ರಮಿಸಿ ಮುದ್ರಿಸಿದ ಪಾಠದಲ್ಲಿ ಚಿತ್ರವಿದ್ದು ಧ್ವನಿಯೇ ಇಲ್ಲದಿದ್ದರೆ ಶ್ರಮವೆಲ್ಲ ವ್ಯರ್ಥ. ಲಕಾರ ಳಕಾರಗಳ ಭೇದವನ್ನು ಮೂಕಚಿತ್ರದಿಂದ ಕಲಿಸಲಾಗದು. ಈ ತೊಡಕಿನ ಕಾರಣವನ್ನೂ ಪರಿಹಾರವನ್ನೂ ಇಲ್ಲಿ ವಿವರಿಸಲಾಗಿದೆ.

ಚಿತ್ರದ ದಾರಿ, ಧ್ವನಿಯ ದಾರಿ

1991ರಲ್ಲಿ ಲಿನುಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್, ಯಾರು ಬೇಕಾದರೂ ಬಳಸಬಹುದಾದ ಮುಕ್ತ ತಂತ್ರಾಂಶ. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ‘ಬಾಸ್’ ಕಾರ್ಯಾಚರಣ ವ್ಯವಸ್ಥೆಯೂ ಇದನ್ನೇ ಆಧರಿಸಿದೆ.

ಲಿನಕ್ಸ್‌ನಲ್ಲಿ ತೆರೆಯ ಚಿತ್ರವನ್ನು ಎಕ್ಸ್11 ಅಥವಾ ವೇಲ್ಯಾಂಡ್ ಎಂಬ ವ್ಯವಸ್ಥೆ ನಿರ್ವಹಿಸುತ್ತದೆ. ಧ್ವನಿಯ ಹೊಣೆ ಪಲ್ಸ್‌ಆಡಿಯೋ ಅಥವಾ ಪೈಪ್‌ವೈರ್ ಎಂಬ ಧ್ವನಿ ನಿರ್ವಾಹಕದ್ದು. ಆದುದರಿಂದ ಚಿತ್ರವನ್ನು ಸೆರೆಹಿಡಿದ ಮಾತ್ರಕ್ಕೆ ಧ್ವನಿಯೂ ಜತೆಗೆ ಬರುವುದೆಂದು ಭಾವಿಸಕೂಡದು. ಮುದ್ರಣ ತಂತ್ರಾಂಶವು ಮೈಕ್ರೋಫೋನನ್ನು ಮಾತ್ರ ಆಯ್ದುಕೊಂಡಿದ್ದರೆ ಕೋಣೆಯ ಸದ್ದು ದಾಖಲಾಗುತ್ತದೆಯೇ ಹೊರತು ಗಣಕಯಂತ್ರದೊಳಗಿನ ಧ್ವನಿ ನೇರವಾಗಿ ದಾಖಲಾಗುವುದಿಲ್ಲ.

ಧ್ವನಿ ನಿರ್ವಾಹಕವು ಸ್ಪೀಕರಿಗೆ ಕಳುಹಿಸುವ ಧ್ವನಿಯ ಪ್ರತಿಯೊಂದನ್ನು ‘ಮಾನಿಟರ್’ ಎಂಬ ಹೆಸರಿನಲ್ಲಿ ಒದಗಿಸುತ್ತದೆ. ಕಾಲುವೆಯಲ್ಲಿ ಹರಿಯುವ ನೀರನ್ನು ತಡೆಯದೆ ಬದಿಯ ತೂಬಿನಿಂದ ಸ್ವಲ್ಪ ಪಡೆದಂತೆ ಇದು. ಈ ಮಾನಿಟರನ್ನು ಆಯ್ದುಕೊಳ್ಳುವುದೇ ಸಮಸ್ಯೆಗೆ ಪರಿಹಾರ.

ಮುದ್ರಣದ ಕ್ರಮ

ಈ ಕಾರ್ಯಕ್ಕೆ ಉಚಿತವಾಗಿ ದೊರೆಯುವ ಓಬಿಎಸ್ ಸ್ಟುಡಿಯೋ ಎಂಬ ಮುಕ್ತ ತಂತ್ರಾಂಶ ಅನುಕೂಲಕರ.

1. ‘ಸೋರ್ಸಸ್’ ವಿಭಾಗದಲ್ಲಿ ಕೂಡಿಸುವ ಚಿಹ್ನೆಯನ್ನು ಒತ್ತಿ ‘ಸ್ಕ್ರೀನ್ ಕ್ಯಾಪ್ಚರ್’ ಆಯ್ದುಕೊಳ್ಳಿ. ವೇಲ್ಯಾಂಡ್ ಇದ್ದಲ್ಲಿ ಪೈಪ್‌ವೈರ್ ಎಂದೂ, ಎಕ್ಸ್11 ಇದ್ದಲ್ಲಿ ಎಕ್ಸ್‌ಎಸ್‌ಎಚ್‌ಎಂ ಎಂದೂ ನಮೂದಾಗಿರುವುದನ್ನು ಆರಿಸಬೇಕು. ವೇಲ್ಯಾಂಡ್‌ನಲ್ಲಿ ಯಾವ ತೆರೆಯನ್ನು ತೋರಿಸಬೇಕೆಂದು ಅನುಮತಿ ಕೇಳಲಾಗುತ್ತದೆ. ಇದು ಬಳಕೆದಾರರ ಗೋಪ್ಯತೆಯ ರಕ್ಷಣೆಗಾಗಿ ಇರುವ ಏರ್ಪಾಡು.

2. ‘ಆಡಿಯೋ ಮಿಕ್ಸರ್’ ವಿಭಾಗದಲ್ಲಿ ‘ಡೆಸ್ಕ್‌ಟಾಪ್ ಆಡಿಯೋ’ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ‘ಆಡಿಯೋ ಔಟ್‌ಪುಟ್ ಕ್ಯಾಪ್ಚರ್’ ಸೇರಿಸಿ, ಧ್ವನಿ ಹೊರಡುತ್ತಿರುವ ಸಾಧನವನ್ನು ಆಯ್ದುಕೊಳ್ಳಿ. ಎರಡನ್ನೂ ಇರಿಸಿಕೊಂಡರೆ ಒಂದೇ ಧ್ವನಿ ಎರಡು ಬಾರಿ ದಾಖಲಾದೀತು. ಪೈಪ್‌ವೈರ್ ಇರುವ ಗಣಕದಲ್ಲಿಯೂ ಪಲ್ಸ್‌ಆಡಿಯೋ ಎಂಬ ಹೆಸರು ಕಂಡುಬಂದರೆ ಗಾಬರಿ ಬೇಡ. ಪೈಪ್‌ವೈರ್ ಅದಕ್ಕೆ ಹೊಂದಿಕೊಂಡೇ ಕೆಲಸ ಮಾಡುತ್ತದೆ.

3. ಪಾಠದ ಧ್ವನಿಯನ್ನು ನುಡಿಸಿ, ಮಿಕ್ಸರಿನ ಬಣ್ಣದ ಪಟ್ಟಿ ಏರಿಳಿಯುವುದೇ ಎಂದು ಗಮನಿಸಿ. ಪಟ್ಟಿ ನಿಶ್ಚಲವಾಗಿದ್ದರೆ ಧ್ವನಿ ದಾಖಲಾಗುವುದಿಲ್ಲ.

4. ಒಂದು ನಿಮಿಷ ಪ್ರಾಯೋಗಿಕವಾಗಿ ಮುದ್ರಿಸಿ, ತೆರೆದು ಕೇಳಿದ ನಂತರವೇ ಪೂರ್ಣ ಪಾಠವನ್ನು ಆರಂಭಿಸಿ.

ಒಂದೇ ತಂತ್ರಾಂಶದ ಧ್ವನಿ ಬೇಕಾದಾಗ

ಮೇಲಿನ ಕ್ರಮದಲ್ಲಿ ಗಣಕಯಂತ್ರದ ಎಲ್ಲ ಸದ್ದೂ ದಾಖಲಾಗುತ್ತದೆ. ಸಂದೇಶ ಬಂದಾಗಿನ ಗಂಟೆಯೂ ಪಾಠದ ನಡುವೆ ಕೇಳಿಸೀತು. ಇದನ್ನು ತಪ್ಪಿಸಲು ಧ್ವನಿ ನಿರ್ವಾಹಕದಲ್ಲಿ ಕಾಲ್ಪನಿಕ ಸಾಧನವೊಂದನ್ನು ನಿರ್ಮಿಸಬಹುದು. ಇದಕ್ಕೆ ‘ನಲ್ ಸಿಂಕ್’ ಎಂದು ಹೆಸರು. ‘ಪಾವುಕಂಟ್ರೋಲ್’ ಎಂಬ ಸಣ್ಣ ತಂತ್ರಾಂಶದ ‘ಪ್ಲೇಬ್ಯಾಕ್’ ಪುಟದಲ್ಲಿ, ಬೇಕಾದ ತಂತ್ರಾಂಶದ ಧ್ವನಿಯನ್ನು ಮಾತ್ರ ಆ ಸಾಧನಕ್ಕೆ ತಿರುಗಿಸಿ, ಅದರ ಮಾನಿಟರನ್ನು ಮುದ್ರಿಸಿಕೊಳ್ಳಬಹುದು. ಆಗ ಆ ಧ್ವನಿ ಸ್ಪೀಕರಿನಲ್ಲಿ ಕೇಳಿಸದಿರುವುದು ಸಹಜ. ಅದನ್ನು ದೋಷವೆಂದು ತಿಳಿಯಬಾರದು.

ವಹಿಸಬೇಕಾದ ಎಚ್ಚರಿಕೆ

ಗಣಕದ ಧ್ವನಿಯೊಂದಿಗೆ ನಿಮ್ಮ ಮಾತೂ ಸೇರಬೇಕಾದರೆ ಹೆಡ್‌ಫೋನ್ ಧರಿಸಿ. ಇಲ್ಲವಾದರೆ ಸ್ಪೀಕರಿನ ಧ್ವನಿ ಮೈಕ್ರೋಫೋನಿಗೂ ಪ್ರವೇಶಿಸಿ ಪ್ರತಿಧ್ವನಿ ಉಂಟಾಗುತ್ತದೆ. ಮುದ್ರಣದ ನಡುವೆ ಹೆಡ್‌ಫೋನ್ ಬದಲಿಸಿದರೆ ಧ್ವನಿಯ ದಾರಿಯೂ ಬದಲಾಗಬಹುದು. ಮಿಕ್ಸರಿನ ಪಟ್ಟಿಯನ್ನು ಮತ್ತೆ ಪರೀಕ್ಷಿಸಿ.

ಕಡತವನ್ನು ಎಂಕೆವಿ ಮಾದರಿಯಲ್ಲಿ ಉಳಿಸುವುದು ಕ್ಷೇಮ. ವಿದ್ಯುತ್ ಕಡಿದುಹೋದರೂ ಅಲ್ಲಿಯವರೆಗಿನ ಭಾಗ ಬಹುಪಾಲು ಉಳಿಯುತ್ತದೆ. ಸಾಮಾನ್ಯ ಎಂಪಿ4 ಕಡತವಾದರೆ ಪೂರ್ತಿ ಹಾಳಾಗಬಹುದು. ಮುದ್ರಣ ಮುಗಿದ ಬಳಿಕ ಎಂಕೆವಿಯನ್ನು ಎಂಪಿ4 ಆಗಿ ಪರಿವರ್ತಿಸುವ ಸೌಲಭ್ಯ ಓಬಿಎಸ್‌ನಲ್ಲಿಯೇ ಇದೆ. ದೃಶ್ಯಕ್ಕೆ ಸೆಕೆಂಡಿಗೆ 2,500 ಕಿಲೋಬಿಟ್ ದರವಿದ್ದರೆ ಒಂದು ಗಂಟೆಯ ಪಾಠಕ್ಕೆ ಸುಮಾರು 1.2 ಗಿಗಾಬೈಟ್ ಸ್ಥಳ ಬೇಕಾಗುತ್ತದೆ.

ಖಾಸಗಿ ಪತ್ರಗಳನ್ನೂ ಬ್ಯಾಂಕಿನ ಪುಟಗಳನ್ನೂ ಮೊದಲೇ ಮುಚ್ಚಿರಿ. ಇತರರ ಮಾತನ್ನು ಮುದ್ರಿಸುವ ಮುನ್ನ ಅವರ ಸಮ್ಮತಿ ಪಡೆಯಿರಿ. ಚಲನಚಿತ್ರ, ಗೀತೆ ಮೊದಲಾದವುಗಳಿಗೆ 1957ರ ಕೃತಿಸ್ವಾಮ್ಯ ಕಾಯಿದೆಯ ರಕ್ಷಣೆ ಇರುವುದನ್ನು ಮರೆಯಬಾರದು.

ಮೊದಲು ಒಂದು ನಿಮಿಷ ಪರೀಕ್ಷಿಸಿ ನೋಡಿದರೆ ಒಂದು ಗಂಟೆಯ ಶ್ರಮ ಉಳಿಯುತ್ತದೆ. ದೂರದ ಊರಿನ ಮಗುವಿಗೆ ಕನ್ನಡದ ಅಕ್ಷರ ಕಾಣುವುದರೊಡನೆ ಅದರ ಸರಿಯಾದ ಉಚ್ಚಾರಣೆಯೂ ಕೇಳಿಸುತ್ತದೆ.