ಮೊದಲು ಅರ್ಥಿಂಗ್, ಆಮೇಲೆ ಲ್ಯಾಪ್‌ಟಾಪ್

ತಮ್ಮಾ, ಬೆಂಗಳೂರಿನ ಕಂಪನಿಯ ಕೋಡಿಂಗ್ ಕೆಲಸವನ್ನು ಲಿಂಗಸುಗೂರಿನ ಮನೆಯಲ್ಲೇ ಕೂತು ಮಾಡುತ್ತೇನೆ ಅಂತೀ. ಬಹಳ ಚಲೋ. ಆದರೆ ಕೈಯಲ್ಲಿರುವ ರೊಕ್ಕವನ್ನೆಲ್ಲ ಲ್ಯಾಪ್‌ಟಾಪಿಗೇ ಸುರಿಯಬೇಡ. ನಮ್ಮ ತಾಲ್ಲೂಕಿನ ಹಟ್ಟಿ ಗಣಿಗೆ ಇಳಿಯುವವರು ಚಿನ್ನಕ್ಕಿಂತ ಮೊದಲು ಗಾಳಿ, ಆಸರೆ ನೋಡುತ್ತಾರೆ. ನಿನ್ನ ಮೇಜಿಗೂ ಅದೇ ಕ್ರಮ: ಮೊದಲು ಕರೆಂಟು, ಆಮೇಲೆ ಮೈ, ಕೊನೆಗೆ ಯಂತ್ರ.

ಶಕ್ತಿನಗರದ 1,720 ಮೆಗಾವ್ಯಾಟ್ ವಿದ್ಯುತ್ ಸ್ಥಾವರ ನಮ್ಮ ಜಿಲ್ಲೆಯಲ್ಲೇ ಇದ್ದರೂ, ನಿನ್ನ ಓಣಿಯ ವೋಲ್ಟೇಜಿಗೆ ಅದು ಜಾಮೀನು ಕೊಡುವುದಿಲ್ಲ. ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಮೀಟರ್ ಇಡಿಸು. ಫೇಸ್–ನ್ಯೂಟ್ರಲ್ ನಡುವೆ 230 ವೋಲ್ಟಿನ ಆಸುಪಾಸು ಇರಬೇಕು. ಫೇಸ್–ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ. ನ್ಯೂಟ್ರಲ್–ಅರ್ಥ್ ನಡುವೆ ಒಂದೆರಡು ವೋಲ್ಟಿಗಿಂತ ಹೆಚ್ಚು ಇರಬಾರದು. ಚಾರ್ಜ್‌ಗೆ ಹಾಕಿದ ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದಾಗ ಜುಮ್ ಅಂದರೆ ಮೊದಲು ಅರ್ಥಿಂಗ್ ನೋಡಿಸು. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹಾಕು, ಒಣಗಿದ ಮಣ್ಣಿನಲ್ಲಿ ಕರೆಂಟು ಸಲೀಸಾಗಿ ಇಳಿಯುವುದಿಲ್ಲ. ಮನೆಯ ಇನ್ವರ್ಟರಿನಲ್ಲಿ ‘ಯುಪಿಎಸ್’ ಎಂಬ ಸ್ವಿಚ್ ಇದ್ದರೆ ಅದನ್ನೇ ಹಾಕಿಡು. ಕರೆಂಟು ಹೋದಾಗ ಬ್ಯಾಟರಿಗೆ ಬೇಗ ಬದಲಾಗುತ್ತದೆ, ಡೆಸ್ಕ್‌ಟಾಪ್ ಇದ್ದರೆ ಅದು ಆಫ್ ಆಗುವುದು ತಪ್ಪುತ್ತದೆ. ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ ಉಂಟು, ರೌಟರಿಗೆ ಇಲ್ಲ. ಅದಕ್ಕೊಂದು ಪುಟ್ಟ ಯುಪಿಎಸ್ ತಗೋ. ಇಂಟರ್ನೆಟ್ಟಿಗೂ ಹಾಗೇ ಇನ್ನೊಂದು ಆಸರೆ ಬೇಕು: ಫೈಬರ್ ಒಂದು ಕಂಪನಿಯದಾದರೆ ಮೊಬೈಲ್ ಸಿಮ್ ಇನ್ನೊಂದರದ್ದು ಇರಲಿ.

ಬಿಸಿಲನ್ನು ಹಗುರಾಗಿ ತಿಳಿಯಬೇಡ. ಬಹಳಷ್ಟು ಲ್ಯಾಪ್‌ಟಾಪ್‌ಗಳನ್ನು 35 ಡಿಗ್ರಿಯವರೆಗಿನ ಕೋಣೆಗೆಂದು ಮಾಡಿರುತ್ತಾರೆ. ಇಲ್ಲಿ ಏಪ್ರಿಲ್–ಮೇನಲ್ಲಿ ಹೊರಗೆ 40 ದಾಟುತ್ತದೆ. ಕಾವು ಏರಿದಂತೆ ಪ್ರೊಸೆಸರ್ ತಾನಾಗಿಯೇ ವೇಗ ಇಳಿಸುತ್ತದೆ. ದೊಡ್ಡ ಬಿಲ್ಡ್‌ಗಳನ್ನು ಬೆಳಗಿನ ತಂಪಿನಲ್ಲಿ ಮುಗಿಸಿಕೋ. ಏರ್ ಕೂಲರಿನ ಒದ್ದೆ ಗಾಳಿ ನಿನ್ನ ಮೈಮೇಲೆ ಬರಲಿ, ಯಂತ್ರದ ಮೇಲೆ ಬೇಡ. ಬ್ಯಾಟರಿ 80 ಪರ್ಸೆಂಟಿಗೆ ನಿಲ್ಲುವಂತೆ ಸೆಟ್ಟಿಂಗ್ ಇದ್ದರೆ ಮಾಡಿಕೋ. ಫ್ಯಾನಿನ ಕಿಂಡಿಯ ಧೂಳನ್ನು ಆಗಾಗ ತೆಗೆಸು.

ಮೈಯ ಮಾತಿಗೆ ಬಂದರೆ, ಮಂಚದ ಮೇಲೆ ಕೂತು ಕೋಡ್ ಬರೆಯುವ ರೂಢಿ ಬೇಡ. ಬೆನ್ನಿಗೆ ಆಸರೆಯಿರುವ ಕುರ್ಚಿ, ನೆಲಕ್ಕೆ ಊರಿದ ಪಾದ, ಕೀಬೋರ್ಡಿನ ಮಟ್ಟಕ್ಕೆ ಮೊಣಕೈ, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ. ದುಬಾರಿ ಸ್ಟ್ಯಾಂಡ್ ಬೇಕಿಲ್ಲ. ದಪ್ಪ ಪುಸ್ತಕಗಳ ಮೇಲೆ ಲ್ಯಾಪ್‌ಟಾಪ್ ಏರಿಸಿ ಬೇರೆ ಕೀಬೋರ್ಡ್ ಜೋಡಿಸು. ಕಿಟಕಿ ಮಗ್ಗುಲಿಗಿರಲಿ, ಎದುರಿಗೂ ಬೇಡ, ಬೆನ್ನಿಗೂ ಬೇಡ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ್ದನ್ನು 20 ಸೆಕೆಂಡ್ ನೋಡು.

ಈಗ ಯಂತ್ರ. 16 ಜಿಬಿ ರ್‍ಯಾಮ್, ಒಂದು ಎಸ್‌ಎಸ್‌ಡಿ ಇದ್ದರೆ ಸಾಮಾನ್ಯ ಕೆಲಸಕ್ಕೆ ಧಾರಾಳ. ಉಳಿದ ರೊಕ್ಕಕ್ಕೆ ಇನ್ನೊಂದು ಮಾನಿಟರ್ ತಗೋ: ಒಂದರಲ್ಲಿ ಕೋಡ್, ಇನ್ನೊಂದರಲ್ಲಿ ಅದರ ಫಲ. ಲಿನಕ್ಸ್ ಪುಕ್ಕಟೆ, ಅದರಲ್ಲಿ ಕನ್ನಡ ಟೈಪಿಂಗಿನ ಕಗಪ ಕೀಲಿವಿನ್ಯಾಸವೂ ಸಿಗುತ್ತದೆ, ಮೊದಲ ದಿನವೇ ಹಾಕಿಕೋ. ನಾಳೆ ನೀನು ಮಾಡಿದ ಆ್ಯಪನ್ನು ಮಸ್ಕಿಯ ರೈತ, ಸಿಂಧನೂರಿನ ರೈಸ್ ಮಿಲ್ಲಿನ ಗುಮಾಸ್ತ ಕನ್ನಡದಲ್ಲೇ ಬಳಸಬೇಕಾದರೆ ಒತ್ತಕ್ಷರ ಮುರಿಯದೆ ಮೂಡುತ್ತದೋ ಇಲ್ಲವೋ ನೀನೇ ಟೈಪ್ ಮಾಡಿ ನೋಡಬೇಕು. ಸಂಜೆ ಏಳುವ ಮುಂಚೆ ಬರೆದದ್ದನ್ನು ಗಿಟ್‌ನಲ್ಲಿ ಕಮಿಟ್ ಮಾಡಿ ಸರ್ವರಿಗೆ ಪುಶ್ ಮಾಡು. ಡಿಸ್ಕ್ ಕೆಟ್ಟರೆ ಹೊಸದು ತರಬಹುದು, ಕಳೆದುಹೋದ ಕೋಡ್ ಅಂಗಡಿಯಲ್ಲಿ ಸಿಗುವುದಿಲ್ಲ.

ಇನ್ನೊಂದು ಸಂಗತಿಯನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಮನೆಯಲ್ಲೇ ಇರುವವನು ಖಾಲಿ ಇದ್ದಾನೆ ಅಂತ ಊರು ತಿಳಿಯುತ್ತದೆ. ಹಾಲು ತಾ, ಬೀಗರನ್ನು ಬಸ್‌ಸ್ಟ್ಯಾಂಡಿನಿಂದ ಕರ್ಕೊಂಡು ಬಾ ಅಂತಾರೆ. ಸಿಡುಕಬೇಡ. ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ನಾನು ಡ್ಯೂಟಿಯಲ್ಲಿ ಇರುತ್ತೇನೆ ಅಂತ ಅವ್ವ-ಅಪ್ಪನಿಗೆ ಸಮಾಧಾನದಿಂದ ಹೇಳಿ ಬಾಗಿಲು ಹಾಕು. ಆ ಗಂಟೆ ಮುಗಿದ ಮೇಲೆ ಬಾಗಿಲು ತೆಗೆದು ಹೊರಗೂ ಬಾ. ಹೊತ್ತಿಗೆ ಸರಿಯಾಗಿ ಎದ್ದು ಬರುವವನು ‘ಡ್ಯೂಟಿಯಲ್ಲಿದ್ದೇನೆ’ ಅಂದರೆ ಮಾತ್ರ ಮನೆಯವರು ನಂಬುತ್ತಾರೆ.