ಒತ್ತಿದ ಮಾತೂ ಆಡಿದ ಮಾತೇ



"ನಾನು ಹೇಳಲಿಲ್ಲ ಉಸ್ತಾದ್, ಒತ್ತಿದ್ದು ಅಷ್ಟೆ!"

ಹುಂಚದ ಮನೆಯೊಂದರ ಜಗಲಿಯಲ್ಲಿ ಹತ್ತು ವರ್ಷದ ಬಾಲಕನೊಬ್ಬ ನನಗೆ ಕೊಟ್ಟ ಉತ್ತರವಿದು. ಜೋರು ಮಳೆಯ ಕಾರಣ ಅಂದು ಶಾಲೆಗೆ ರಜೆ. ಅವನೂ ಅವನ ಚಿಕ್ಕಪ್ಪನ ಮಗನೂ ಮನೆಯವರ ಮೊಬೈಲ್ ಹಿಡಿದು ಆಡುತ್ತಿದ್ದರು. ಸ್ವಲ್ಪ ಹೊತ್ತಿನಲ್ಲೇ ಚಿಕ್ಕವನು ಅಳುತ್ತಾ ಎದ್ದು ಬಂದ. ಅಣ್ಣ ತನ್ನ ಮೇಲೆ ಸುಳ್ಳು ಹೇಳಿದನೆಂಬುದು ಅವನ ದೂರು. ಅದಕ್ಕೆ ಬಂದ ಉತ್ತರವೇ ಮೇಲಿನದು. ನಕ್ಕು ಬಿಟ್ಟುಬಿಡಬಹುದಾದ ಮಾತು. ಆದರೆ ದಿನವಿಡೀ ಬೆರಳಿನಿಂದಲೇ ಮಾತಾಡುವ ನಾವು ಹಿರಿಯರೂ ಒಳಗೊಳಗೆ ಇದೇ ನೆಪವನ್ನು ನಂಬಿಕೊಂಡಿಲ್ಲವೇ?

ಮೊದಲು ಆ ಆಟವನ್ನು ತಿಳಿಯೋಣ. ಅದರ ಹೆಸರು 'ಅಮಂಗ್ ಅಸ್'. ಅಮೇರಿಕದ ಇನ್ನರ್‌ಸ್ಲಾತ್ ಎಂಬ ಸಣ್ಣ ಸಂಸ್ಥೆ 2018ರಲ್ಲಿ ಹೊರತಂದ ಇದು 2020ರ ಲಾಕ್‌ಡೌನ್ ಕಾಲದಲ್ಲಿ ಲೋಕದ ತುಂಬ ಹರಡಿತು. ಆಡುವವರೆಲ್ಲ ಒಂದು ಅಂತರಿಕ್ಷ ನೌಕೆಯ ಸಿಬ್ಬಂದಿ. ಅವರ ನಡುವೆ ಒಬ್ಬಿಬ್ಬರು ವಂಚಕರು ಅಡಗಿರುತ್ತಾರೆ; ಯಾರೆಂದು ಉಳಿದವರಿಗೆ ತಿಳಿಯದು. ಅನಾಹುತವಾದಾಗ ಎಲ್ಲರೂ ಸಭೆ ಸೇರಿ ಚರ್ಚಿಸಿ ಮತ ಹಾಕುತ್ತಾರೆ. ಹೆಚ್ಚು ಮತ ಬಿದ್ದವನನ್ನು ನೌಕೆಯಿಂದ ಹೊರಗೆಸೆಯುತ್ತಾರೆ.

ಈ ಚರ್ಚೆಗಾಗಿ 2021ರಲ್ಲಿ ಸಿದ್ಧ ವಾಕ್ಯಗಳ ಏರ್ಪಾಡು ಬಂತು. ಟೈಪ್ ಮಾಡುವ ಬದಲು ಪಟ್ಟಿಯಿಂದ ವಾಕ್ಯವನ್ನು ಆರಿಸಿ ಒತ್ತಿದರಾಯಿತು. ಇಂಥವನು ಎಲ್ಲಿದ್ದ, ನಾನು ಇಂಥ ಕೋಣೆಯಲ್ಲಿದ್ದೆ, ಇಂಥವನ ಮೇಲೆ ನನಗೆ ಅನುಮಾನ ಎಂಬಂಥ ವಾಕ್ಯಗಳು. ಚಿಕ್ಕ ಮಕ್ಕಳಿಗೆ ಈ ಪಟ್ಟಿ ಮಾತ್ರ ಲಭ್ಯ. ಅಪರಿಚಿತರ ಹೊಲಸು ಮಾತು ಮಗುವಿಗೆ ತಟ್ಟಬಾರದು, ಮಗು ತನ್ನ ಊರು ವಿಳಾಸಗಳನ್ನು ಬರೆದುಬಿಡಬಾರದು ಎಂಬ ಕಾಳಜಿಗೆ ಇದು ತಕ್ಕ ಬೇಲಿ. ಒಳ್ಳೆಯ ಏರ್ಪಾಡೇ ಸರಿ.

ಆದರೆ ಗಮನಿಸಿ. ವಾಕ್ಯದ ಅಚ್ಚು ಆಟದವರದು. 'ಇಂಥವನು' ಎಂಬಲ್ಲಿ ಹೆಸರು ತುಂಬುವ ಬೆರಳು ಆಡುವವನದು.

ವಂಚಕನ ಪಾತ್ರ ಬಂದವನು ತನ್ನನ್ನು ಮರೆಮಾಚುವುದು ಎಲ್ಲರೂ ಮೊದಲೇ ಒಪ್ಪಿದ ನಿಯಮ. ಅದು ಆಟದೊಳಗಿನ ಮಾತು. ಅದರಿಂದ ಮಗುವಿಗೆ ಸುಳ್ಳಿನ ರುಚಿ ಹತ್ತುತ್ತಿದೆಯೆಂದು ಕಂಡರೆ ಆಟವನ್ನೇ ಬದಲಿಸುವುದು ಲೇಸು. ನಮ್ಮ ಬಾಲಕನಾದರೋ ವಂಚಕನಾಗಿರಲಿಲ್ಲ. ಅಂದು ಬೆಳಿಗ್ಗೆ ಒಂದು ಕೊಡೆಗಾಗಿ ಅಣ್ಣತಮ್ಮಂದಿರಿಗೆ ಜಗಳವಾಗಿತ್ತು. ಆ ಸಿಟ್ಟಿಗೆ, ತಮ್ಮನದು ತಪ್ಪಿಲ್ಲವೆಂದು ತಿಳಿದೂ ಅವನ ಹೆಸರನ್ನೇ ಒತ್ತಿದ್ದ. ಇದು ಆಟವಲ್ಲ, ಆಟದ ಮರೆಯಲ್ಲಿ ತೀರಿಸಿಕೊಂಡ ಸೇಡು. ತನ್ನ ತಪ್ಪನ್ನು ನಿರಪರಾಧಿಯ ಮೇಲೆ ಹೊರಿಸುವವನು ಎಂಥ ಭಾರ ಹೊರುತ್ತಾನೆಂದು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 112ನೆಯ ವಚನ ಎಚ್ಚರಿಸುತ್ತದೆ. ಮಾಡದ ತಪ್ಪನ್ನು ತಮ್ಮನ ತಲೆಗೆ ಕಟ್ಟುವುದೂ ಅದೇ ಜಾತಿಯದು.

ಸಿದ್ಧ ವಾಕ್ಯ ಹೊಸತೇನಲ್ಲ. ಹುಂಚದಲ್ಲಿ 11ನೆಯ ಶತಮಾನದ ಸಾಂತರ ಅರಸರ ಕಾಲದ ಶಾಸನಗಳಿವೆ. ದತ್ತಿಯನ್ನು ಕೆಡಿಸಿದವನಿಗೆ ಪಾಪ ತಟ್ಟುವುದೆಂಬ ಕೊನೆಯ ಸಾಲುಗಳು ಕನ್ನಡ ನಾಡಿನ ಎಷ್ಟೋ ಶಾಸನಗಳಲ್ಲಿ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಆದರೂ ದಾನದ ಮಾತಿಗೆ ಹೊಣೆ ದಾನಿಯೇ ಹೊರತು ಕಲ್ಲುಕುಟಿಗನಲ್ಲ. 2013ರ ಜುಲೈವರೆಗೆ ನಮ್ಮ ದೇಶದಲ್ಲಿದ್ದ ತಂತಿ ಸೇವೆಯಲ್ಲೂ ಶುಭಾಶಯಗಳಿಗೆ ಸಂಖ್ಯೆಗಳಿದ್ದವು. ಈದ್ ಮುಬಾರಕ್‌ಗೂ ಒಂದು ಸಂಖ್ಯೆ. ತಂತಿ ತಲುಪಿದ ಮನೆಯವರು ಇಲಾಖೆ ಹರಸಿತೆನ್ನಲಿಲ್ಲ, ಮಗ ಹರಸಿದನೆಂದೇ ಹಿಗ್ಗಿದರು. ಅಷ್ಟೇಕೆ, ನಮ್ಮ ಸಲಾಮೂ ಕಲಿತು ಹೇಳುವ ವಾಕ್ಯವೇ. ಪದಗಳು ಎಲ್ಲರವೂ ಒಂದೇ, ಹೇಳುವಾಗಿನ ಮನಸ್ಸು ಅವರವರದು. ಮನುಷ್ಯನ ಬಾಯಿಂದ ಹೊರಡುವ ಪ್ರತಿಯೊಂದು ಮಾತಿಗೂ ಕಾವಲುಗಾರನಿದ್ದಾನೆಂದು ಸೂರಃ ಕಾಫ್‌ನ 18ನೆಯ ವಚನದಲ್ಲಿದೆ. ಬೆರಳು ನಾಲಗೆಯ ಕೆಲಸ ಮಾಡುವ ಕಾಲದಲ್ಲಿ ಬೆರಳಿಗೆ ಮಾತ್ರ ವಿನಾಯಿತಿ ಎಲ್ಲಿಂದ ಬರಬೇಕು?

ಪಾಠ ಇಲ್ಲಿಗೇ ಮುಗಿಯಲಿಲ್ಲ. ಅಷ್ಟರಲ್ಲಿ ಬಾಲಕನ ತಂದೆ ಬಂದರು. "ಪಟ್ಟಿಯ ವಾಕ್ಯ ಸಾಲದೆಂದು ಇವನ ಹಟ. ಹುಟ್ಟಿದ ವರ್ಷ ಹಿಂದೆ ಹಾಕಿದರೆ ಟೈಪ್ ಮಾಡಬಹುದಂತೆ. ಸ್ವಲ್ಪ ಹಾಕಿಕೊಡಿ ಉಸ್ತಾದ್" ಎಂದರು. ನಿಜ ಹೇಳುತ್ತೇನೆ, ಮೊಬೈಲ್ ಆಗಲೇ ನನ್ನ ಕೈಗೆ ಬಂದಿತ್ತು. ಬಾಲಕ ನನ್ನ ಬೆರಳನ್ನೇ ನೋಡುತ್ತಿದ್ದ.

ಆಗ ಅಬೂದಾವೂದ್ ಗ್ರಂಥದಲ್ಲಿರುವ ಒಂದು ಘಟನೆ ನೆನಪಾಯಿತು. ಅಬ್ದುಲ್ಲಾ ಬಿನ್ ಆಮಿರ್(ರ) ಚಿಕ್ಕವರಿದ್ದಾಗ ಅವರ ತಾಯಿ, ಏನೋ ಕೊಡುವೆನೆಂದು ಅವರನ್ನು ಕರೆದರು. ಮನೆಯಲ್ಲಿದ್ದ ಪ್ರವಾದಿವರ್ಯರು(ಸ) ಏನು ಕೊಡಬೇಕೆಂದಿದ್ದಿ ಎಂದು ವಿಚಾರಿಸಿದರು. ಖರ್ಜೂರ ಎಂದು ಆಕೆ ಹೇಳಿದಾಗ, ಏನನ್ನೂ ಕೊಡದಿದ್ದರೆ ಅದು ನಿನ್ನ ಲೆಕ್ಕದಲ್ಲಿ ಸುಳ್ಳೆಂದು ಬರೆಯಲ್ಪಡುತ್ತಿತ್ತು ಎಂದು ತಿಳಿಸಿದರು. ಮಗುವನ್ನು ಕರೆಯುವಾಗಿನ ಮಾತಿಗೇ ಇಷ್ಟು ಲೆಕ್ಕವಿರುವಾಗ, ಮಗು ನೋಡುತ್ತಿರುವಂತೆಯೇ ಅದರ ಹುಟ್ಟಿದ ವರ್ಷವನ್ನು ಸುಳ್ಳಾಗಿ ಒತ್ತುವ ಬೆರಳಿನ ಗತಿಯೇನು? ಸುಳ್ಳು ಒಂದು, ಮಗುವಿನ ಬೇಲಿಯನ್ನು ನಾವೇ ಕಿತ್ತದ್ದು ಇನ್ನೊಂದು. ಮಕ್ಕಳು ನಮ್ಮ ಕೈಯಲ್ಲಿರುವ ಅಮಾನತ್ ಅಲ್ಲವೇ?

ಮೊಬೈಲನ್ನು ತಂದೆಗೆ ಹಿಂದಿರುಗಿಸಿದೆ. ನಿಜವಾದ ವರ್ಷವನ್ನೇ ಹಾಕಿ, ಬೇಕಿದ್ದರೆ ಪೋಷಕರಾಗಿ ನೀವೇ ನಿಮ್ಮ ಹೆಸರಿನಲ್ಲಿ ಅನುಮತಿ ಕೊಡಲು ದಾರಿಯಿದೆ, ಕೊಟ್ಟ ಮೇಲೆ ಮಗನ ಪಕ್ಕದಲ್ಲಿ ಕುಳಿತುಕೊಳ್ಳಿ ಎಂದೆ. ಅವರು ತುಸು ಹೊತ್ತು ಸುಮ್ಮನಿದ್ದು, "ಹಾಗಾದರೆ ಸದ್ಯಕ್ಕೆ ಪಟ್ಟಿಯೇ ಇರಲಿ" ಎಂದರು.

ಬಾಲಕನಿಗೆ ನಾನು ಹೇಳಿದ್ದು ಇಷ್ಟೇ: "ಒತ್ತಿ ಹೇಳಿದ ಸುಳ್ಳನ್ನು ಬಾಯಿಂದ ತೊಳೆಯಬೇಕು." ಅವನು ಒಳಗೆ ಹೋಗಿ, "ನೀನು ಏನೂ ಮಾಡಿರಲಿಲ್ಲ, ನಾನೇ ಸುಮ್ಮನೆ ನಿನ್ನ ಹೆಸರು ಹಾಕಿದೆ" ಎಂದು ತಮ್ಮನಿಗೆ ಹೇಳಿದ್ದು ಜಗಲಿಯವರೆಗೂ ಕೇಳಿಸಿತು. ಆ ವಾಕ್ಯ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಸೋದರ ಸೋದರಿಯರೇ, ಇಂದು ರಾತ್ರಿ ನಿಮ್ಮ ಮೊಬೈಲನ್ನೊಮ್ಮೆ ತೆರೆದು ನೋಡಿ. ಓದದೆ ಮುಂದೆ ಕಳಿಸಿದ ಸಂದೇಶಗಳೆಷ್ಟು, ದಾರಿಯಲ್ಲಿಲ್ಲದೆ ಒತ್ತಿದ 'ದಾರಿಯಲ್ಲಿದ್ದೇನೆ' ಎಷ್ಟು? ನಾಲಗೆಯಂತೆ ಬೆರಳನ್ನೂ ಸತ್ಯಕ್ಕೆ ಒಗ್ಗಿಸಿಕೊಳ್ಳುವ ಭಾಗ್ಯವನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಆಮೀನ್.