ಮಾಡಿ ನೋಡಿ ತಿಳಿಯುವ ಚರಿತ್ರೆ: ನಮ್ಮ ಸೀಮೆಯ ಉಕ್ಕು

ಮಳೆ ಹೊಯ್ದ ಮಾರನೆಯ ದಿನ ಮಾಗಡಿ ಕಡೆಯ ಹಳ್ಳಗಳಲ್ಲಿ ಕಪ್ಪು ಮರಳು ಗೆರೆಗೆರೆಯಾಗಿ ನಿಂತಿರುವುದನ್ನು ಬೆಳೆಗಾರ ಬಂಧುಗಳು ನೋಡಿರಬಹುದು. ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ. ಒಂದು ಕಾಲದಲ್ಲಿ ಈ ಸೀಮೆಯ ಕಬ್ಬಿಣದ ಅದಿರು ಇದೇ ಆಗಿತ್ತು. 1800ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ತಾನು ಘೆಟ್ಟಿಪುರವೆಂದು ಬರೆದುಕೊಂಡ ಊರಿನ ಕುಲುಮೆಗಳನ್ನು ವಿವರವಾಗಿ ವರ್ಣಿಸಿದ್ದಾನೆ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದುದನ್ನೂ ಕಂಡಿದ್ದಾನೆ. ಅವನ ಗ್ರಂಥ 1807ರಲ್ಲಿ ಅಚ್ಚಾಯಿತು.

ಉಕ್ಕು ಮಾಡುವ ಕ್ರಮ ಹೀಗಿತ್ತು. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಮೂರು ರೂಪಾಯಿ ತೂಕದ ತಂಗಡಿ ಕಡ್ಡಿ, ಒಂದು ಬಳ್ಳಿಯ ಎರಡು ಹಸಿ ಎಲೆ. ಬಾಯಿಗೆ ಹಸಿ ಮಣ್ಣಿನ ಮುಚ್ಚಳ ಮೆತ್ತಿ, ಹದಿನೈದು ಮೂಸೆಗಳನ್ನು ಒಟ್ಟಿಗೆ ಜೋಡಿಸಿ, ತಾಸುಗಟ್ಟಲೆ ತಿದಿ ಒತ್ತುವುದು. ತಂಗಡಿ ಎಂದರೆ ಹಸಿರು ಗೊಬ್ಬರಕ್ಕೆ ಸೊಪ್ಪು ಕಡಿಯುವ ಅದೇ ಆವರಿಕೆ.

ಇಷ್ಟನ್ನು ಓದಿದ ಮಾತ್ರಕ್ಕೆ ಉಕ್ಕು ಕೈಗೆ ಬರುವುದಿಲ್ಲ. ಎರಡು ಎಲೆ ಏಕೆ? ಶಾಸ್ತ್ರಕ್ಕೋ, ಕೆಲಸಕ್ಕೋ? ಹಿಂದಿನವರ ಸಾಮಗ್ರಿ ಹಿಡಿದು, ಅವರ ಕೆಲಸವನ್ನೇ ಮತ್ತೆ ಮಾಡಿ, ಬಂದದ್ದನ್ನು ಹಳೆಯ ವಸ್ತುವಿನೊಡನೆ ಹೋಲಿಸಿ ಉತ್ತರ ಹುಡುಕುವುದಕ್ಕೆ ಪ್ರಾಯೋಗಿಕ ಪುರಾತತ್ತ್ವ ಎನ್ನುತ್ತಾರೆ. ಹೊಸ ತಳಿಯನ್ನು ನಾಲ್ಕು ಸಾಲಿನಲ್ಲಿ ಹಾಕಿ ನೋಡುವ ನಮಗೆ ಇದು ಹೊಸ ಮಾತೇನಲ್ಲ.

'ವೂಟ್ಸ್' ಎಂದು ಆಂಗ್ಲರು ಕರೆದದ್ದು ನಮ್ಮ 'ಉಕ್ಕು' ಶಬ್ದವನ್ನೇ ಎಂದು ಹಲವು ವಿದ್ವಾಂಸರ ಮತ. ಪಶ್ಚಿಮ ಏಷ್ಯದ ಹೆಸರಾಂತ ಡಮಾಸ್ಕಸ್ ಕತ್ತಿಗಳು ಈ ಬಗೆಯ ಉಕ್ಕಿನವು. ಮೈಕೇಲ್ ಫ್ಯಾರಡೆಯಂಥವನು 1819ರಿಂದ ಇದನ್ನು ಪರೀಕ್ಷಿಸಿ, ಅದರ ಗುಣಕ್ಕೆ ಅಲ್ಯೂಮಿನಿಯಂ, ಸಿಲಿಕಾ ಕಾರಣವೆಂದು ತಪ್ಪಾಗಿ ಊಹಿಸಿದ. ಗುಟ್ಟು ಸಿಕ್ಕಿದ್ದು ಬಹಳ ತಡವಾಗಿ. ಅಮೆರಿಕದ ಲೋಹವಿಜ್ಞಾನಿ ವರ್ಹೋವನ್ ಮತ್ತು ಕಮ್ಮಾರ ಪೆಂಡ್ರೇ ಮೂಸೆಯಲ್ಲಿ ಕಬ್ಬಿಣ, ಇದ್ದಿಲು, ಗಾಜಿನ ಚೂರು, ಹಸಿ ಎಲೆ ಹಾಕಿ ಮತ್ತೆ ಮತ್ತೆ ಕರಗಿಸಿದರು. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಂಟಿಗ್ರೇಡ್ ಕಾವು ಬೇಕು. ಕಡ್ಡಿ, ಎಲೆ, ಇದ್ದಿಲಿನ ಇಂಗಾಲ ನೂರಕ್ಕೆ ಒಂದೂವರೆ ಭಾಗ ಸೇರಿದರೆ ಅದಕ್ಕಿಂತ ಕಡಿಮೆ ಕಾವಿಗೇ ಕರಗುತ್ತದೆ. ಎಲೆ ಬರಿಯ ಶಾಸ್ತ್ರವಲ್ಲ.

ಆದರೆ ಕತ್ತಿಯ ಮೇಲಿನ ನೀರಲೆಯಂಥ ಗೆರೆ ಪ್ರತಿ ಸಲವೂ ಮೂಡಲಿಲ್ಲ. ಕಬ್ಬಿಣದಲ್ಲಿ ವೆನೇಡಿಯಂನಂಥ ಧಾತು ಅತ್ಯಲ್ಪವಾದರೂ ಇದ್ದು, ಹದವಾಗಿ ಕಾಯಿಸಿ ಕಾಯಿಸಿ ಬಡಿದರೆ ಮಾತ್ರ ಗೆರೆ ಏಳುತ್ತದೆಂದು 1998ರಲ್ಲಿ ಪ್ರಕಟಿಸಿದರು. ಅಂಥ ಅದಿರು ಮುಗಿದಾಗ, ಕೈಚಳಕ ಹಾಗೇ ಇದ್ದರೂ ಕಸುಬು ನಿಂತಿರಬಹುದು ಎಂದೂ ಊಹಿಸಿದರು. ನಮ್ಮ ಉಕ್ಕಿನ ಕೀರ್ತಿಯನ್ನು ಬರಿದೇ ಹೊಗಳುವುದಕ್ಕಿಂತ ಈ ಒಂದು ಪ್ರಯೋಗ ಹೆಚ್ಚಿನದೆಂದು ನಮ್ಮ ಅನಿಸಿಕೆ.

ಮಾಗಡಿಯ ಮರಳಿನ ಗುಣಕ್ಕೆ ಸಾಕ್ಷಿ ನಮ್ಮ ಜಮೀನುಗಳಲ್ಲೇ ಇರಬಹುದು. ಅಡಿಕೆ ಸಸಿಗೆ ಗುಣಿ ತೆಗೆಯುವಾಗ ಕಪ್ಪಗೆ ತೂಕವಾದ ಕಿಟ್ಟದ ಉಂಡೆ, ಗಾಜಿನಂತೆ ಹೊಳೆಯುವ ಮೂಸೆಯ ಚೂರು ಸಿಕ್ಕಿದರೆ ಬೇಲಿಯಾಚೆ ಎಸೆಯಬೇಡಿ. ಸಿಕ್ಕಿದ ಜಾಗ, ಆಳ, ಸುತ್ತಲಿನ ಮಣ್ಣಿನ ಬಣ್ಣ ಬರೆದಿಟ್ಟು ರಾಜ್ಯ ಪುರಾತತ್ತ್ವ ಇಲಾಖೆಗೆ ತಿಳಿಸಿ. ಹೆಚ್ಚು ಚೂರು ಒಂದೇ ಕಡೆ ಕಂಡರೆ ಆ ಗುಣಿಯನ್ನು ನಾಲ್ಕು ಮಾರು ಆಚೆ ಸರಿಸಿ.